ಕತ್ತಿಯ ಕೆಳಗಿನ ಕೇಳುಗರು

ನಮ್ಮಣ್ಣನಿಗೆ ಕೂತು ಬರೆಯಲು ಬರುವುದಿಲ್ಲ. ಅಂಗಡಿಯ ಕನ್ನಡಿ ಕೆಳಗಿನ ಹಲಗೆಯಲ್ಲಿ ಪೌಡರ್ ಡಬ್ಬಿ, ಬಾಚಣಿಗೆಗಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ನಿಂತೇ ಒಂದು ಸಾಲು ಗೀಚುತ್ತಾನೆ. ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತಾನೆ. ಇನ್ನೊಂದು ಸಾಲು. ಅಪ್ಪ ಬಿಟ್ಟುಹೋದ ಕ್ಷೌರದಂಗಡಿ ನಮ್ಮದು. ಬಾಗಿಲ ಕಡೆಯ ಕುರ್ಚಿ ಅವನದು, ಗೋಡೆ ಕಡೆಯದು ನನ್ನದು. ಹೀಗಾಗಿ ಅವನ ಕಾದಂಬರಿಯ ಕಾಟವನ್ನು ನನ್ನಷ್ಟು ಹತ್ತಿರದಿಂದ ಅನುಭವಿಸಿದವರು ಇನ್ನೊಬ್ಬರಿಲ್ಲ.

ಕಾದಂಬರಿ ಅಚ್ಚಾಗಬೇಕು, ಮುಖಪುಟದಲ್ಲಿ ತನ್ನ ಹೆಸರಿರಬೇಕು. ಅವನ ಜೀವವೆಲ್ಲ ಅದರಲ್ಲೇ ಇತ್ತು. ಇವನು ಕಳಿಸುವುದು, ಪ್ರಕಾಶಕರು ವಾಪಸ್ ಕಳಿಸುವುದು, ಇವನು ಮುಖ ಊದಿಸಿಕೊಂಡು ಮೊದಲ ಪುಟದಿಂದ ತಿದ್ದುವುದು. ಎಷ್ಟು ಸಲ ಆಯಿತೋ, ನಾನಂತೂ ಲೆಕ್ಕ ಬಿಟ್ಟಿದ್ದೆ. ಉತ್ತರ ಬರುವ ದಿನಗಳಲ್ಲಿ ಅವನ ಪಕ್ಕ ನಿಲ್ಲುವುದೇ ಕಷ್ಟ. ಕೊರಿಯರ್‌ನವನ ಬೈಕ್ ಸದ್ದು ಕೇಳಿದರೆ ಕತ್ತರಿ ಹಿಡಿದೇ ಬೀದಿಗೆ ಓಡುತ್ತಿದ್ದ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಗಿರಾಕಿ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ನಾನೇನು ಹೇಳಲಿ?

"ಸ್ವಲ್ಪ ತಾಳ್ಮೆ ಇರ್ಲಿ ಕಣೋ ಅಣ್ಣ" ಅಂದರೆ, "ತಾಳ್ಮೆ ಇಲ್ದೋನು ಇಷ್ಟು ಸಲ ಬರೀತಾನೇನೋ?" ಎಂದು ನನ್ನ ಮೇಲೇ ಹಾರುತ್ತಿದ್ದ.

ಪ್ರಕಾಶಕರು ಕೇಳದಿದ್ದರೇನು, ಗಿರಾಕಿಗಳಿದ್ದರಲ್ಲ. ನೊರೆ ಹಚ್ಚಿಸಿಕೊಂಡವನು ಪಾಪ ಎಲ್ಲಿಗೆ ಓಡಿಹೋದಾನು? ಪುಟಗಟ್ಟಲೆ ಬಾಯಿಪಾಠ ಇತ್ತು ಅಣ್ಣನಿಗೆ. ಕೈ ಗಡ್ಡ ಬೋಳಿಸುತ್ತಿದ್ದರೆ ಬಾಯಿ ಕಥೆ ಹೇಳುತ್ತಿತ್ತು. ಗಂಟಲ ಮೇಲೆ ಕತ್ತಿ ಇರುವಾಗ ಎದುರು ಮಾತಾಡುವ ಧೈರ್ಯ ಯಾರಿಗಿದೆ? ಎಲ್ಲರೂ ಮೂಗಿನಲ್ಲೇ "ಹೂಂ" ಅನ್ನುತ್ತಿದ್ದರು. ಅದನ್ನೇ ಮೆಚ್ಚುಗೆ ಎಂದುಕೊಂಡು ಇವನು ಉಬ್ಬಿಹೋಗುತ್ತಿದ್ದ. "ನೋಡಿದ್ಯಾ, ಒಬ್ರಾದ್ರೂ ಬೇಜಾರು ಅಂದ್ರಾ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲವರು ಸದ್ದಿಲ್ಲದೆ ನನ್ನ ಕುರ್ಚಿಗೆ ಬರತೊಡಗಿದರು. "ನಿಂದು ಕಥೆ ಗಿಥೆ ಇಲ್ವಲ್ಲ?" ಎಂದು ಪಿಸುದನಿಯಲ್ಲಿ ಕೇಳಿಯೇ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಅಣ್ಣನ ಕುರ್ಚಿಯಲ್ಲಿ ಬಸ್ ಡ್ರೈವರ್ ಕೂತಿದ್ದರು. ಡ್ಯೂಟಿಗೆ ಹೊತ್ತಾಗಿದೆ, ಬೇಗ ಮುಗಿಸು ಎಂದು ಹೇಳಿಯೇ ಕೂತಿದ್ದರು. ಅಣ್ಣ ಕಾದಂಬರಿಯ ದೊಡ್ಡ ಸನ್ನಿವೇಶಕ್ಕೆ ಬಂದಿದ್ದ. ಮನೆ ಬಿಟ್ಟು ಹೋಗಿದ್ದ ಗಂಡ ಹತ್ತು ವರ್ಷದ ಮೇಲೆ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ. ನಿಂತವನು ಮಾತಾಡುತ್ತಾನೆ, ಮಾತಾಡುತ್ತಾನೆ, ಮುಗಿಯುವುದೇ ಇಲ್ಲ. ಇತ್ತ ಡ್ರೈವರ್ ಕೆನ್ನೆಯ ಮೇಲಿನ ಕತ್ತಿ ಆಗಲೇ ನಿಂತುಹೋಗಿತ್ತು.

"ಅವಳು ‘ಹೂಂ’ ಅಂದಳು," ಎಂದು ಅಣ್ಣ ಕಣ್ಣು ಮುಚ್ಚಿದ.

ಡ್ರೈವರ್ ಅವನ ಕೈ ಸರಿಸಿ ಎದ್ದು ಕೂತರು. "ಅಲ್ಲಪ್ಪಾ, ಹತ್ತು ವರ್ಷ ಬಿಟ್ಟು ಬಂದ ಗಂಡನಿಗೆ ಬರೀ ‘ಹೂಂ’ ಅಂತಾಳಾ? ನಾನು ಅರ್ಧ ಗಂಟೆ ಲೇಟಾಗಿ ಹೋದ್ರೆ ನಮ್ಮನೆಯವಳ ದನಿ ಬೀದಿ ಕೊನೇವರೆಗೂ ಕೇಳುತ್ತೆ. ನಿನ್ನ ಕಥೇಲಿ ಅವಳೂ ಹೂಂ, ಅವಳಪ್ಪನೂ ಹೂಂ, ಪೊಲೀಸಿನವನೂ ಹೂಂ. ಯಾರಿಗೂ ನಾಲಿಗೇನೇ ಇಲ್ವೇನಯ್ಯಾ?"

ಟವೆಲಿನಲ್ಲಿ ನೊರೆ ಒರೆಸಿಕೊಂಡು, ಒಂದೇ ಕೆನ್ನೆ ಬೋಳಿಸಿದ ಮುಖದಲ್ಲೇ ಬಸ್ಸಿಗೆ ಓಡಿದರು. ಅವತ್ತು ಎಡಗಡೆ ಕೂತ ಪ್ರಯಾಣಿಕರಿಗೆ ಒಬ್ಬ ಡ್ರೈವರ್, ಬಲಗಡೆಯವರಿಗೆ ಇನ್ನೊಬ್ಬ ಡ್ರೈವರ್ ಕಂಡಿರಬೇಕು.

ಜಗಳ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಣ್ಣ ಬಾಗಿಲಿಗೂ ಕುರ್ಚಿಗೂ ಓಡಾಡಿ ಓಡಾಡಿ, ಸಂಜೆ ಅಂಗಡಿ ಗುಡಿಸುವಾಗ, "ನಿಜವೇನೋ?" ಅಂದ. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದು ಸಂಕಟವಾಯಿತು. ಕಥೆ ಹೇಳಲು ಶುರು ಮಾಡಿದಾಗಿನಿಂದ ಅವನ ಕಿವಿಗೆ ಬಿದ್ದದ್ದು ‘ಹೂಂ’ ಅನ್ನುವ ಒಂದೇ ಉತ್ತರ. ಕಾಗದಕ್ಕೆ ಇಳಿದದ್ದೂ ಅದೇ.

"ನಿಜ," ಅಂದೆ.

ಮಾರನೇ ದಿನ ಡ್ರೈವರ್ ಉಳಿದ ಕೆನ್ನೆಗಾಗಿ ಬಂದರು. ಅಣ್ಣ ನೊರೆ ಹಚ್ಚಿ, ಕೆನ್ನೆ ಮುಟ್ಟದೆ, ಮೊದಲು ಮೀಸೆಯ ಸುತ್ತ, ತುಟಿಯ ಕೆಳಗೆ ಕತ್ತಿ ಆಡಿಸಿ ಬಾಯಿ ಒರೆಸಿದ. ಆಮೇಲೆ ಕೇಳಿದ, "ಲೇಟಾದ್ರೆ ಮನೇಲಿ ಏನಂತಾರೆ ಸಾರ್?"

ಡ್ರೈವರ್ ಶುರು ಮಾಡಿದವರು ನಿಲ್ಲಿಸಲಿಲ್ಲ. ಅಂದಿನಿಂದ ಎಲ್ಲರಿಗೂ ಬಾಯಿ ಮೊದಲು, ಕೆನ್ನೆ ಆಮೇಲೆ. ಅತ್ತೆ ಜಗಳ, ಮಾತು ಬಿಟ್ಟ ಮಗ, ಬಾಡಿಗೆ ಏರಿಸಿದ ಮನೆ ಮಾಲೀಕ, ಎಲ್ಲ ನಮ್ಮ ಅಂಗಡಿಗೆ ಬಂದವು. ಅಣ್ಣ ಪೂರ್ತಿ ಕಾದಂಬರಿ ಹೊಸದಾಗಿ ಬರೆದ. ಒಮ್ಮೆ ಅವನಿಲ್ಲದಾಗ ಹಲಗೆಯ ಮೇಲಿದ್ದ ಆ ಹೊಸ್ತಿಲ ಪುಟ ಓದಿದೆ. ಹೆಂಡತಿ ಈಗ ಗಂಡನನ್ನು ನೋಡಿ, "ಚಪ್ಪಲಿ ಬಿಟ್ಟು ಬಾ, ಈಗಷ್ಟೇ ನೆಲ ಒರೆಸಿದ್ದೀನಿ" ಅನ್ನುತ್ತಾಳೆ. ಅಷ್ಟೇ ಮಾತು. ನಿಂತಲ್ಲೇ ಇನ್ನೊಂದು ಸಲ ಓದಿದೆ.

ಮತ್ತೆ ಕಳಿಸಿದ. ಮತ್ತೆ ಕಾಯುವುದು. ಈ ಸಲ ಬೈಕ್ ಸದ್ದಿಗೆ ನನ್ನ ಕಣ್ಣೂ ಬಾಗಿಲಿಗೆ ಹೋಗುತ್ತಿತ್ತು. ಅವನಿಗೆ ತೋರಿಸಿಕೊಳ್ಳಲಿಲ್ಲ.

ಬಂದದ್ದು ಫೋನು. ಅಣ್ಣನ ಕೈತುಂಬ ನೊರೆ, "ಎತ್ತೋ" ಅಂದ. ಆ ಕಡೆ ಹೆಂಗಸಿನ ದನಿ. ಪ್ರಕಾಶನದಿಂದ ಮಾತಾಡುತ್ತಿರುವುದು, ಕಾದಂಬರಿ ಬರೆದವರು ಇದ್ದಾರಾ ಎಂದರು.

"ಲೇಖಕರು ಕೆಲಸದಲ್ಲಿದ್ದಾರೆ ಮೇಡಂ. ನಾನು ಅವರ ತಮ್ಮ."

‘ಲೇಖಕರು’ ಎಂಬ ಪದ ಅದುವರೆಗೆ ನನ್ನ ಬಾಯಿಂದ ಬಂದಿರಲಿಲ್ಲ. ಅಣ್ಣನ ಕೈ ನಿಂತಿತು. ನಾನು ಕೇಳಿಸಿಕೊಂಡು ಫೋನ್ ಇಟ್ಟೆ. "ಅಚ್ಚು ಹಾಕ್ತಾರಂತೆ. ಆದ್ರೆ ಕೊನೇ ಅಧ್ಯಾಯ ಇನ್ನೊಂದು ಸಲ ಬರೀಬೇಕಂತೆ." ಬ್ರಷ್ ಎತ್ತಿ ಎಸೆಯುತ್ತಾನೇನೋ ಎಂದು ಭಯವಾಯಿತು.

"ಬರೆದ್ರಾಯ್ತು," ಅಂದ. ಗಿರಾಕಿಯ ಗದ್ದ ಎತ್ತಿ ಹಿಡಿದು ನಿಧಾನವಾಗಿ ಕೆನ್ನೆ ಬೋಳಿಸತೊಡಗಿದ. ಅವನ ಕಣ್ಣೀರು ಮಾತ್ರ ತನ್ನ ಪಾಡಿಗೆ ಇಳಿಯುತ್ತಿತ್ತು.

ನಾನು ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ನನ್ನ ಗಿರಾಕಿ ಅರ್ಧ ಕೂದಲು ಕತ್ತರಿಸಿಕೊಂಡು ಕಾಯುತ್ತಿದ್ದರು. ಕತ್ತರಿ ಎತ್ತಿಕೊಂಡೆ.

"ಕೆಳಗಿಡು ಅದನ್ನ," ಅಂದ ಅಣ್ಣ, ಕೆಲಸದಿಂದ ಕಣ್ಣೆತ್ತದೆ. "ಕೈ ನಡುಗ್ತಿದೆ ನಿಂದು. ಅವರ ಕಿವಿ ಹೋದೀತು."