ನಾನು ತಿದ್ದಿದ ಹಸು

ನಾನು ಹಾಸನದ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಹೊಳೆನರಸೀಪುರದ ಪಕ್ಕದ ಹಳ್ಳಿಗೆ ಬಂದ ಮೇಲೆ ಫೋಟೋ ತಿದ್ದುವ ಹುಚ್ಚು ಹಿಡಿಯಿತು. ಅಕ್ಕಿ ಡ್ರಮ್ಮಿನ ಮುಚ್ಚಳದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುತ್ತಿದ್ದೆ. ಪಾಠ ಹೇಳುವಾತ ಪ್ರತಿ ವಿಡಿಯೋದ ಕೊನೆಗೂ ‘ಸ್ವಲ್ಪವೇ ಸಾಕು’ ಎನ್ನುತ್ತಿದ್ದನಂತೆ. ನನಗದು ಬಹಳ ತಡವಾಗಿ ಗೊತ್ತಾಯಿತು. ಏಕೆಂದರೆ ಅಷ್ಟು ಹೊತ್ತಿಗೆ ನಾನು ವಿಡಿಯೋ ನಿಲ್ಲಿಸಿ ಕೆಲಸ ಶುರು ಮಾಡಿಬಿಟ್ಟಿರುತ್ತಿದ್ದೆ.

ಶ್ರವಣಬೆಳಗೊಳದಲ್ಲಿ ತೆಗೆದ ನಮ್ಮ ಯಜಮಾನರ ಫೋಟೋ ಮೇಲೆ ಮೊದಲು ಕೈಯಿಟ್ಟೆ. ಆಕಾಶ ಬಿಳಿ ಪಂಚೆಗೆ ಹಾಕುವ ನೀಲಿಯ ಹಾಗೆ ಆಯಿತು. ಅವರು ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗೆ ಆದರು. ನೋಡಿ, “ಅವತ್ತು ನಂಗೆ ಕಾಮಾಲೆ ಇತ್ತಾ?” ಎಂದರು. ಇವರಿಗೆ ಕಲೆ ಅರ್ಥವಾಗುವುದಿಲ್ಲ ಅಂದುಕೊಂಡೆ.

ಆಗ ನಮ್ಮ ಮನೆಯಲ್ಲಿ ಎರಡು ಸೀಮೆಹಸು ಇದ್ದವು. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ, ಒಂದನ್ನು ಕೊಟ್ಟುಬಿಡೋಣ ಅಂತ ತೀರ್ಮಾನವಾಯಿತು. ಮಾವ ನನ್ನನ್ನು ಕರೆದು, “ಮಗಾ, ಕಪ್ಪು ಬಿಳಿ ಮಚ್ಚೆದು ಒಂದ್ ಫೋಟ ತೆಗೆದುಕೊಡವ್ವ. ಹಾಲಿನೋರ ಗ್ರೂಪಿಗೆ ಹಾಕ್ತೀನಿ” ಎಂದರು. ಈ ಮನೆಯಲ್ಲಿ ನನ್ನ ವಿದ್ಯೆಯನ್ನು ಕೇಳಿ ಬಂದ ಮೊದಲ ಗಿರಾಕಿ ಅವರೇ.

ಫೋಟೋ ತೆಗೆದೆ. ಹಸುವಿನ ಪಕ್ಕೆಗೆ ಸಗಣಿ ಮೆತ್ತಿಕೊಂಡಿತ್ತು, ಒರೆಸಿದೆ. ಹಿಂದೆ ತಿಪ್ಪೆ ಇತ್ತು, ಅಳಿಸಿದೆ. ಹಗ್ಗದ ಮೇಲೆ ಅತ್ತೆಯ ಸೀರೆ ಒಣಗುತ್ತಿತ್ತು, ಅದನ್ನೂ ಅಳಿಸಿದೆ. ಹಿಂಗಾಲಿನ ಹತ್ತಿರ ಅರ್ಧ ಕಾಣುತ್ತಿದ್ದ ಪ್ಲಾಸ್ಟಿಕ್ ಬಕೆಟ್ ಒಂದು ಬಹಳ ಕಾಟ ಕೊಟ್ಟಿತು. ಪಟ್ಟು ಬಿಡದೆ ಅದನ್ನೂ ತೆಗೆದೆ. ಒಣಗಿ ಕಂದಾಗಿದ್ದ ಹುಲ್ಲಿಗೆ ಹಸಿರು ಏರಿಸಿದೆ, ಇನ್ನಷ್ಟು ಏರಿಸಿದೆ. ಕೊನೆಗೆ ಹಸು ಈಗಷ್ಟೇ ಬ್ಯೂಟಿ ಪಾರ್ಲರಿನಿಂದ ಬಂದ ಹಾಗಿತ್ತು. ಮಾವನಿಗೆ ಕನ್ನಡಕ ಸಿಗಲಿಲ್ಲ. ಹಾಗೇ ಕಣ್ಣು ಕಿರಿದು ಮಾಡಿ ನೋಡಿ, “ಭೇಷ್” ಎಂದು ಗ್ರೂಪಿಗೆ ಹಾಕಿದರು.

ಮೊದಲ ಫೋನು ಅರಕಲಗೂಡಿನಿಂದ ಬಂತು. ಮಾವ ಸ್ಪೀಕರ್ ಹಾಕಿದರು.

“ಯಜಮಾನ್ರೇ, ಹಸ ಏನೋ ಲಕ್ಷಣವಾಗದೆ. ಆದ್ರೆ ಮೂರು ಮೊಲೆ ಹಸನ ಯಾರ ತಲೆಗೆ ಕಟ್ಟಾನ ಅಂತಿದ್ದೀರಿ?”

ಮಾವ ಫೋನು ಹಿಡಿದೇ ಕೊಟ್ಟಿಗೆಗೆ ಓಡಿದರು. ಬೆಳಿಗ್ಗೆ ತಾನೇ ಅವರೇ ಹಾಲು ಕರೆದಿದ್ದ ಹಸು. ಆದರೂ ಬಗ್ಗಿ ಒಂದೊಂದನ್ನೇ ಮುಟ್ಟಿ ಎಣಿಸಿದರು. “ನಾಕೂ ಅವೆ ಕಣಣ್ಣೋ!” ಎಂದು ಕೂಗಿದರು. ಹೊತ್ತಲ್ಲದ ಹೊತ್ತಲ್ಲಿ ಕೆಚ್ಚಲಿಗೆ ಕೈಹಾಕಿದ್ದಕ್ಕೆ ಹಸು ಬಾಲದಿಂದ ಅವರ ಮುಖಕ್ಕೆ ಒಂದು ಬಾರಿಸಿತು.

ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಬಕೆಟ್ ಹೋಗುವಾಗ ಒಂದು ಮೊಲೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಆಮೇಲೆ ರಾಮನಾಥಪುರದಿಂದ ಒಬ್ಬರು ಫೋನು ಮಾಡಿ, ಕೊಳ್ಳುವ ಮಾತೇ ಎತ್ತದೆ, ಮೊಲೆ ಕೆಡಿಸುವ ಕೆಚ್ಚಲು ಬಾವು ರೋಗಕ್ಕೆ ಔಷಧಿ ಹೇಳಿ ಸಮಾಧಾನ ಮಾಡಿದರು. ಮಾವ ನನ್ನ ಕಡೆ ನೋಡಲಿಲ್ಲ. ಅತ್ತೆ ಮಾತ್ರ, “ನನ್ ಸೀರೆ ಮಾನಗೆಟ್ಟಿತ್ತಾ, ಅದನ್ಯಾಕೆ ಅಳಿಸಿದೆ?” ಎಂದು ಕೇಳಿದರು.

ಭಾನುವಾರ ಚನ್ನರಾಯಪಟ್ಟಣದ ಕಡೆಯಿಂದ ಗಂಡ ಹೆಂಡತಿ ಬೈಕಿನಲ್ಲಿ ಬಂದರು. ಮಾವ ಉಬ್ಬಿಹೋಗಿ ಹಸುವಿನ ಹಗ್ಗ ಬಿಚ್ಚಿ ತಂದರು. ಆ ಹೆಂಗಸು ಹಸುವನ್ನು ಸರಿಯಾಗಿ ನೋಡಲೂ ಇಲ್ಲ. ಮನೆ ಹಿಂದಕ್ಕೆ ಹೋಗಿ ಇಣುಕಿದರು, ತಿಪ್ಪೆಯ ಆಚೆಗೂ ಇಣುಕಿದರು.

“ಏನು ಹುಡುಕ್ತಿದ್ದೀಯವ್ವ?” ಎಂದರು ಅತ್ತೆ.

“ಆ ಹುಲ್ಲು ಎಲ್ಲದೆ ಅಕ್ಕಾ? ಅಷ್ಟು ಹಸುರು ಹುಲ್ಲ ನಮ್ ಕಡೆ ನಾವ್ ಕಂಡೇ ಇಲ್ಲ. ಯಾವ ತಳಿ ಅಂತ ಕೇಳಿ, ನೆಡಕ್ಕೆ ನಾಕು ಕಡ್ಡಿ ಇಸ್ಕೊಂಡು ಹೋಗಾನ ಅಂತ ಬಂದ್ವಿ.”

ನನ್ನ ಕಿವಿ ಬಿಸಿಯಾಯಿತು. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು, ತಿದ್ದುವ ಮೊದಲಿನ ಫೋಟೋವನ್ನೂ ಆಮೇಲಿನದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಆಕೆ ಅದನ್ನು ನೋಡಿದರು, ಕಾಲಡಿಯ ಕಂದು ಹುಲ್ಲನ್ನು ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ಜಗಲಿ ಮೇಲೆ ಕೂತೇಬಿಟ್ಟರು. ಅವರ ನಗು ನೋಡಿ ಅತ್ತೆಗೂ ನಗು ಬಂತು. ಮಾವ ಮಾತ್ರ ಹಗ್ಗ ಹಿಡಿದು ಗಂಭೀರವಾಗಿ ನಿಂತಿದ್ದರು.

ನಕ್ಕು ಸುಸ್ತಾದ ಮೇಲೆ ಆಕೆ ಎದ್ದು ಹಸುವಿನ ಬೆನ್ನು ಸವರಿದರು. “ಫೋಟದಲ್ಲಿ ಪಿಂಗಾಣಿ ಗೊಂಬೆ ಇದ್ದಂಗಿತ್ತು. ಇದು ಹಸ ಇದ್ದಂಗದೆ” ಎಂದು ಕುಕ್ಕರಗಾಲಲ್ಲಿ ಕೂತು ಹಾಲು ಕರೆದು ನೋಡಿದರು. ಗಂಡನ ಕಡೆ ತಲೆಯಾಡಿಸಿದರು. ಮಾರನೇ ದಿನ ಗೂಡ್ಸ್ ಆಟೋದಲ್ಲಿ ಹಸು ಚನ್ನರಾಯಪಟ್ಟಣದ ಕಡೆಗೆ ಹೊರಟಿತು. ಅತ್ತೆ ಅದರ ಹಣೆಗೆ ಕುಂಕುಮವಿಟ್ಟು, ಆಟೋ ತಿರುವು ದಾಟುವವರೆಗೂ ನಿಂತಿದ್ದರು.

ಈಗ ನಾನು ಫೋಟೋ ಓರೆಯಾಗಿದ್ದರೆ ನೆಟ್ಟಗೆ ಮಾಡುತ್ತೇನೆ, ಕತ್ತಲಿದ್ದರೆ ಒಂದಿಷ್ಟು ಬೆಳಕು ಕೊಡುತ್ತೇನೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಕಾಫಿ ಕುಡಿದು ಬಂದು ಮತ್ತೆ ನೋಡುತ್ತೇನೆ. ಹೆಚ್ಚಾಯಿತು ಅನಿಸಿದರೆ ಅರ್ಧಕ್ಕೆ ಇಳಿಸುತ್ತೇನೆ. ಊರಿನವರು ಈಗ ಧೈರ್ಯವಾಗಿ ಫೋಟೋ ಕೊಡುತ್ತಾರೆ.

ಮೊನ್ನೆ ಮಾವನಿಗೆ ಸಹಕಾರ ಸಂಘದ ಗೋಡೆಗೆ ಹಾಕಲು ಫೋಟೋ ಬೇಕಾಯಿತು. ತೆಗೆದು, ಬೆಳಕಷ್ಟೇ ಸರಿಮಾಡಿ ತೋರಿಸಿದೆ. ಈ ಸಲ ಕನ್ನಡಕ ಹಾಕಿಕೊಂಡೇ ನೋಡಿದರು, ಬಹಳ ಹೊತ್ತು ನೋಡಿದರು. ಅತ್ತೆ ಅಡುಗೆಮನೆಯಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು:

“ಮಗಾ, ಮುಂದ್ಗಡೆ ಒಸಿ ಕೂದ್ಲು ಬರ್ಸಕ್ಕಾಯ್ತದಾ?”