ಶರಣವ್ವನಿಗೆ ನಾನು ಓದಿ ಹೇಳಿದ ಕಾರ್ಡು

ಶರಣವ್ವ, ಆ ಓವರ್‌ಸಿಯರ್ ನಿನ್ನನ್ನು ಬೇಡವೆಂದಿರಲಿಲ್ಲ — ನಾನೇ ಸುಳ್ಳು ಹೇಳಿದೆ.

ಆ ವರ್ಷ ಸಿಂಧನೂರಿನ ಕಡೆ ಕಾಲುವೆ ಕೆಲಸ ನಡೆದಿತ್ತು. ಅವನು ಅಲ್ಲಿಂದ ನಮ್ಮ ಮಸ್ಕಿಗೆ ಬಂದು ನಿನ್ನನ್ನು ನೋಡಿ ಹೋಗಿದ್ದ. ನಮ್ಮವನೇ, ಆದರೆ ತೆಲುಗು ಸೀಮೆಯಲ್ಲಿ ಬೆಳೆದವನು. ಕನ್ನಡ ಮಾತಾಡುತ್ತಿದ್ದ, ಬರೆಯಲು ಬರುತ್ತಿರಲಿಲ್ಲ. ಉಗಾದಿಗೆ ಬಂದು ಮಾತು ಮುಗಿಸುತ್ತೇನೆಂದಿದ್ದ. ಅವನ ಬದಲು ಇಂಗ್ಲಿಷಿನಲ್ಲಿ ಒಂದು ಕಾರ್ಡು ಬಂತು. ಲಿಂಗಸುಗೂರಿನಲ್ಲಿ ಪರೀಕ್ಷೆಗೆ ಕೂಡಲೆಂದು ನಮ್ಮ ಓಣಿಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವಳು ನಾನೊಬ್ಬಳೇ. ನಿಮ್ಮಪ್ಪ ಕಾರ್ಡನ್ನು ನನ್ನ ಕೈಗಿಟ್ಟರು.

'ಎಂಗೇಜ್ಡ್ ಅಟ್ ಸಿಂಧನೂರ್' ಎಂದಿತ್ತು. ಎಂಗೇಜ್ಡ್ ಎಂದರೆ ಮದುವೆ ನಿಶ್ಚಯವಾದದ್ದು — ನನಗೆ ಗೊತ್ತಿದ್ದುದು ಅಷ್ಟೇ.

"ಸಿಂಧನೂರಾಗ ಅವರದು ನಿಶ್ಚಯ ಆಗೇತಂತ್ರಿ ಕಾಕಾ. ಬರಾಕ ಆಗಂಗಿಲ್ಲ, ಮಾಫ್ ಮಾಡ್ರಿ ಅಂದಾರ."

ಅದು ತಪ್ಪು. ಪಾಪ ಮಾಡಿದ್ದು ಆರನೆಯ ದಿನ.

ಅಂದು ವ್ಯಾಕರಣದ ಪುಸ್ತಕದಲ್ಲಿ ಬಿಟ್ಟ ಸ್ಥಳ ತುಂಬುತ್ತಿದ್ದೆ. ಎಂಗೇಜ್ಡ್ ಮುಂದೆ 'ಟು' ಬಂದರೆ ಮದುವೆಯ ಮಾತು. 'ಇನ್', 'ಅಟ್' ಬಂದರೆ ಕೆಲಸದ ಮಾತು. ಕಾರ್ಡಿನಲ್ಲಿ 'ಟು' ಎಲ್ಲಿತ್ತು? ಅವನು ಕೆಲಸದಲ್ಲಿ ಸಿಕ್ಕಿಕೊಂಡಿದ್ದ, ಅಷ್ಟೇ.

ಅದೇ ಮಧ್ಯಾಹ್ನ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀ ಬಂದೆ.

"ಇನ್ನೊಮ್ಮಿ ಓದ ಬೇ ನೀಲಾ. ಏನರ ಬಿಟ್ಟೀಯೇನು?"

ಆಮೇಲೆ ನಿನ್ನನ್ನು ಕೇಳಿಕೊಂಡು ಬಂದಿದ್ದ ಸಂತೆಕಲ್ಲೂರಿನವರಿಗೆ ನಿಮ್ಮಪ್ಪ ಇನ್ನೂ ಮಾತು ಕೊಟ್ಟಿರಲಿಲ್ಲ. ವೇಳೆ ಇತ್ತು. ಆದರೆ ಅವನ ಕೈ ಹಿಡಿದರೆ ನೀ ದೂರದ ಸೀಮೆಗೆ — ಸಂತೆಕಲ್ಲೂರಾದರೆ ಇಲ್ಲೇ ಪಕ್ಕದಲ್ಲಿ... ನೀನಿಲ್ಲದ ಓಣಿಯಲ್ಲಿ ನಾನು ಹೇಗೆ —

"ಇಲ್ಲ ಬೇ. ಅಷ್ಟ ಐತಿ."

ನಿನ್ನ ಮದುವೆಯಾಗಿ ತಿಂಗಳಿಗೆ ಅವನು ಬಂದ. ನಿಮ್ಮಪ್ಪ ಕಟ್ಟೆಯ ಮೇಲಿಂದಲೇ, "ಹುಡುಗಿ ಲಗ್ನ ಆತು," ಎಂದರು. ಅವನು ಏನೂ ಕೇಳದೆ ತಿರುಗಿದ. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ, ಕೂಗಲಿಲ್ಲ.

ಹತ್ತಿರ ಇರಲೆಂದು ಹಾಗೆ ಮಾಡಿದೆ; ನೀ ಸಿಗಲೇ ಇಲ್ಲ. ಹೊಲ, ದನ, ಅತ್ತೆ — ಇಷ್ಟು ವರ್ಷಗಳಲ್ಲಿ ತವರಿಗೆ ಬಂದದ್ದೇ ಮೂರು ಸಲ. ಎಷ್ಟು ಸಂಜೆ ನಿನ್ನೂರಿನ ಬಸ್ಸಿನ ದಾರಿ ನೋಡಿದ್ದೇನೋ. ಒಮ್ಮೆ ನೀ ಹುಣಸೆಹಣ್ಣು ಬಿಡಿಸುತ್ತ ನಕ್ಕು, "ಆ ಸೀಮ್ಯಾಗ ಹ್ಯಾಂಗ ಇರ್ತಿತ್ತೋ ಏನೋ," ಎಂದೆ. ನಾನು ಬೀಜ ಆರಿಸುತ್ತ ತಲೆ ಎತ್ತಲಿಲ್ಲ.

ನಿನಗೆ ಓದು ಬರುವುದಿಲ್ಲ; ಈ ಕಾಗದ ಕಳಿಸಿದರೆ ಇನ್ನಾರೋ ಓದಿ ಹೇಳಬೇಕು. ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ನಾಳೆ ಬೆಳಿಗ್ಗೆ ಸಂತೆಕಲ್ಲೂರಿಗೆ ಬರುತ್ತೇನೆ. ಕೇಳಿದ ಮೇಲೆ ನೀ ನನಗೆ 'ಕೂಡು' ಅನ್ನಲಾರೆ — ನಿಂತೇ ಹೇಳುತ್ತೇನೆ.