ಹುಳು ಮೇಯುವ ಸದ್ದು

ಅಂದು ಅಣ್ಣ ಮಧ್ಯಾಹ್ನದ ಮುದ್ದೆ ಮುಗಿಸಿ, ನಮ್ಮ ರೇಷ್ಮೆ ಹುಳುಮನೆಯಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆದ. ನಮ್ಮ ಪಾಲಿಗೆ ಅದೇ ಕೊನೆಯ ಮಾಮೂಲಿ ದಿನ.

ಗೊರಕೆಯನ್ನು ಇಷ್ಟು ಗೌರವದಿಂದ ನೆನೆಯುವವನು ಕನಕಪುರ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಮಿಷಿನ್ನಿನ ಮುಂದೆ ನಿಂತೂ ನಿಂತೂ ಅಣ್ಣನ ಕಿವಿಯೊಳಗೆ ಜೀರುಂಡೆಯಂಥ ಸದ್ದೊಂದು ಸೇರಿಕೊಂಡಿತ್ತು. ಮಿಷಿನ್ನು ನಿಂತರೂ ಅದು ನಿಲ್ಲದು. ಹುಳುಗಳು ದೊಡ್ಡವಾಗಿ ಸೊಪ್ಪು ಮೇಯುವಾಗ ಸೋನೆಮಳೆ ಹಿಡಿದಂತೆ ಕೇಳುತ್ತದಲ್ಲ, ಆ ಸದ್ದಿನ ಮಗ್ಗುಲಲ್ಲಿ ಮಾತ್ರ ಅವನಿಗೆ ನಿದ್ದೆ.

ಕಿವಿಯ ಡಾಕ್ಟರು ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು: ಕಿವಿ ಕಳಿಸುವುದನ್ನು ನಿಲ್ಲಿಸಿದ ಸದ್ದನ್ನು ಮಿದುಳು ತಾನೇ ಹುಟ್ಟಿಸಿಕೊಳ್ಳುತ್ತದೆ. ಬೇರೆ ಸದ್ದು ಕೇಳಿಸಿ ಅದನ್ನು ಮರೆಸಬಹುದು, ಅಳಿಸುವ ಔಷಧಿ ಇನ್ನೂ ಇಲ್ಲ, ಹುಡುಕುತ್ತಿದ್ದಾರೆ. ಅಂದಿನಿಂದ ನಾನು ಪತ್ರಿಕೆಯ ಆರೋಗ್ಯದ ಪುಟ ಓದುವ ವಿದ್ವಾಂಸನಾದೆ. ಅಣ್ಣನಿಗೆ ಔಷಧಿಯೆಂದರೆ ಬೆಂಗಳೂರಿನಿಂದ ಹಾರೋಹಳ್ಳಿ ದಾರಿಯಲ್ಲಿ ನಮ್ಮೂರಿಗೆ ಹೊರಟ ಬಸ್ಸು.

"ಎಲ್ಲಿಗಂಟ ಬಂದೈತ್ಲಾ? ಹಾರೋಹಳ್ಳಿ ದಾಟ್ತಾ?"

"ಇಲಿ ಮೇಲೆ ನೋಡ್ತಾವ್ರಂತೆ ಕಣಣ್ಣ."

"ಇಲಿಗೆ ವಾಸಿಯಾಗ್ಲಿ ಬುಡು, ಪಾಪ."

ಹುಳು ಹಣ್ಣಾಗಿ ಗೂಡಿಗೆ ಬಂದರೆ ರೈತ ಹಿಗ್ಗಬೇಕು. ಅಂದು ಸಂಜೆ ಒಂದೊಂದೇ ಹುಳು ಮೇವು ಬಿಟ್ಟು ತಲೆಯೆತ್ತುವುದನ್ನು ಕಂಡು ನಾನು ಮತ್ತೆ ಮತ್ತೆ ಸೊಪ್ಪು ಹಾಕಿದೆ. ಮರುದಿನ ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಸೋನೆ ನಿಂತಿತು. ಮನೆಯವರೆಲ್ಲ ಮೌನವೆಂದುಕೊಂಡದ್ದರೊಳಗೆ ಅಣ್ಣನೊಬ್ಬನಿಗೆ ಜೀರುಂಡೆ.

"ಬ್ಯಾಗ ಇನ್ನೊಂದು ಚಾಕಿ ತಂದ್ಬುಡ್ಲಾ," ಅಂದ. ಚಾಕಿಯೆಂದರೆ ಎಳೆಯ ಹುಳು. ಅವು ಮೇದರೆ ಕೇಳಿಸುವುದಿಲ್ಲ, ದೊಡ್ಡವಾಗುವ ತನಕ ಕಾಯಬೇಕು ಎಂದೆ.

"ಒಸಿ ಜೋರಾಗಿ ತಿನ್ನಿ ಅಂತ ಏಳು."

ನಕ್ಕೆವು. ಅವನ ಕಣ್ಣು ಕೆಂಪಗಿತ್ತು. ಗೂಡು ಬಿಡಿಸುವ ಮೊದಲೇ ಒಂದು ಬೆಳಿಗ್ಗೆ, ನಿದ್ದೆಯಿಲ್ಲದೆ ಕಾರ್ಖಾನೆಯ ಪಾಳಿಗೆ ಹೊರಟವನು ಬೈಕಿನ ಮೇಲೆಯೇ ತೂಕಡಿಸಿದ. ರಸ್ತೆ ತಿರುಗಿತು, ಅವನು ತಿರುಗಲಿಲ್ಲ.

ಕಳೆದುಕೊಂಡದ್ದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ ಎಂದ ಡಾಕ್ಟರ ಮಾತನ್ನು ನಂಬಿ, ಹುಳುಮನೆಯಲ್ಲಿ ಕಿವಿಗೊಟ್ಟು ಕೂತು ನೋಡಿದ್ದೇನೆ. ಹಾಗೇನೂ ಆಗಲಿಲ್ಲ. ಆರೋಗ್ಯದ ಪುಟವನ್ನು ಈಗಲೂ ಓದುತ್ತೇನೆ. ಬಸ್ಸು ಹಾರೋಹಳ್ಳಿ ದಾಟಿಲ್ಲ. ಚಾಕಿ ತಂದೆ, ಹುಳು ದೊಡ್ಡವಾಗಿವೆ, ಚೆನ್ನಾಗಿ ಮೇಯುತ್ತಿವೆ. ಗೊರಕೆ ಇಲ್ಲ.